ಹುಡುಕಿದರೆ ಹೆಬ್ಬಾಳವೂ ಸಿಗುತ್ತದೆ

ಇಂಟರ್‌ನೆಟ್‌ನಲ್ಲಿ ಮಜವಾಗಿರೋದು ಏನಿದೆ ಎಂದು ನಮ್ಮ ಕಾಲೇಜಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ರೀಲ್ಸ್. ಅಧ್ಯಾಪಕರನ್ನು ಕೇಳಿದರೂ ಒಂದೇ ಉತ್ತರ: ಫೋನ್ ಮುಚ್ಚಿಡು, ಪುಸ್ತಕ ತೆಗೆ. ಈ ಎರಡೂ ಉತ್ತರಗಳು ನನಗೆ ಸಾಕಾಗುವುದಿಲ್ಲ. ರೀಲ್ಸ್ ನಾನೂ ನೋಡುತ್ತೇನೆ, ಅದನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಾನು ಹೇಳುವುದು ಇಷ್ಟೇ: ಇಂಟರ್‌ನೆಟ್‌ನ ಅತಿ ವಿಚಿತ್ರವಾದ, ಅತಿ ಖುಷಿ ಕೊಡುವ ಸಂಗತಿಗಳು ತಾವಾಗಿಯೇ ನಮ್ಮ ಫೋನಿಗೆ ಬರುವುದಿಲ್ಲ. ನಾವೇ ಟೈಪ್ ಮಾಡಿ ಹುಡುಕಬೇಕು. ಮೊದಲು ಟೈಪ್ ಮಾಡಲು ಪದ ಸಿಗದಿದ್ದರೆ ನಿಮ್ಮ ಬಸ್‌ಸ್ಟಾಪಿನ ಹೆಸರೇ ಸಾಕು.

ಯಾಕೆ ಬರುವುದಿಲ್ಲ ಎಂಬುದು ಕಾಮರ್ಸ್ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ಆ್ಯಪ್‌ಗೆ ನಾವು ದುಡ್ಡು ಕೊಡುವುದಿಲ್ಲ. ದುಡ್ಡು ಕೊಡುವವರು ಜಾಹೀರಾತುದಾರರು, ಅವರು ಕೊಳ್ಳುವುದು ನಮ್ಮ ಸಮಯವನ್ನು. ಹಾಗಾಗಿ ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಡುವುದನ್ನೇ ಅದು ಮತ್ತೆ ಮತ್ತೆ ತೋರಿಸುತ್ತದೆ. ಹೆಬ್ಬಾಳದ ಒಂದು ಹಳೆಯ ಕಲ್ಲಿನಿಂದ ಯಾರಿಗೂ ಜಾಹೀರಾತಿನ ಲಾಭವಿಲ್ಲ, ಆದ್ದರಿಂದ ಅದು ಯಾರ ಫೀಡ್‌ನಲ್ಲೂ ಬರುವುದಿಲ್ಲ.

ಆ ಕಲ್ಲಿನ ವಿಷಯಕ್ಕೆ ಬರೋಣ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಅದರ ಮೇಲಿನ ಬರಹ ಕನ್ನಡ. ಕಾಲ ಸುಮಾರು ಕ್ರಿ.ಶ. 750, ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದ ಕಾಲ. ರಟ್ಟವಾಡಿಯವರು ಮೇಲೆ ಬಂದಾಗ ಹೋರಾಡಿ ಸತ್ತ ಕಿತ್ತಯ್ಯ ಎಂಬವನ ನೆನಪಿಗೆ ಅದನ್ನು ನಿಲ್ಲಿಸಿದ್ದರು. ನಾವು ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ನಿಂತು ಶಪಿಸುವ ಊರಿನಲ್ಲಿ ಸುಮಾರು 1270 ವರ್ಷಗಳ ಹಿಂದೆ ಒಬ್ಬ ಮನುಷ್ಯ ಇದ್ದ, ಅವನ ಹೆಸರು ನಮಗೆ ಗೊತ್ತು!

ಅದರಲ್ಲಿ ಊರಿನ ಹೆಸರು ಹೆಬ್ಬಾಳ ಎಂದಿಲ್ಲ, ಪೆರ್ಬೊಳಲ್ ಎಂದಿದೆ. ಕನ್ನಡ ಮೇಷ್ಟ್ರು ಹಳಗನ್ನಡ ಪಾಠದಲ್ಲಿ ಹೇಳುವ ‘ಪ’ಕಾರ ‘ಹ’ಕಾರವಾಗುವ ನಿಯಮ ನೆನಪಿದೆಯಾ? ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಾಗೆಯೇ ಪೆರ್ ಎಂಬುದು ಹೆರ್ ಆಗಿ, ಹೆಬ್ ಆಯಿತು. ಪೆರ್ ಅಂದರೆ ದೊಡ್ಡದು. ಹೆಬ್ಬಾಗಿಲು, ಹೆಬ್ಬಾವು, ಹೆಬ್ಬೆರಳುಗಳಲ್ಲಿ ಇರುವುದೂ ಅದೇ. ಪೊಳಲ್ ಅಂದರೆ ಪಟ್ಟಣ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡಿದ ನಿಯಮ ಬಸ್ಸಿನ ಬೋರ್ಡ್ ಮೇಲೆ ಓಡಾಡುತ್ತಿದೆ ಎಂದು ಗೊತ್ತಾದರೆ ಯಾವ ರೀಲ್‌ಗಿಂತಲೂ ಕಡಿಮೆ ಮಜಾ ಅಲ್ಲ.

ಇದನ್ನೆಲ್ಲ ತಿಳಿಯಲು ಮ್ಯೂಸಿಯಂಗೆ ಹೋಗಬೇಕಿಲ್ಲ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾದ ಸಂಸ್ಥೆ. ಅಲ್ಲಿಯ ತಂಡ ಬೆಂಗಳೂರಿನ ಸುತ್ತಲಿನ ಶಾಸನಗಳನ್ನು ಹುಡುಕಿ ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರೂ ನೋಡುವಂತೆ ಇಂಟರ್‌ನೆಟ್‌ಗೆ ಹಾಕುತ್ತಿದೆ. ಬೆರಳಲ್ಲಿ ಕಲ್ಲನ್ನು ತಿರುಗಿಸಬಹುದು, ಹತ್ತಿರ ತಂದು ನೋಡಬಹುದು. ಬಿಸಿಲಲ್ಲಿ ಬರಿಗಣ್ಣಿಗೆ ಕಾಣದ ಸವೆದ ಅಕ್ಷರಗಳೂ ಸ್ಕ್ಯಾನ್‌ನಲ್ಲಿ ಎದ್ದು ಕಾಣುತ್ತವೆ. ಅವರದೇ ‘ಅಕ್ಷರ ಭಂಡಾರ’ದಲ್ಲಿ ಶಾಸನಗಳ ಅಕ್ಷರಗಳ ಚಿತ್ರಗಳಿವೆ. ನಿಮ್ಮ ಹೆಸರಿನ ಮೊದಲ ಅಕ್ಷರ ಕಲ್ಲಿನಲ್ಲಿ ಹೇಗಿತ್ತು ಎಂದು ಹುಡುಕಿ ನೋಡಿ. ಇದಕ್ಕೂ ಮೊದಲು, 1905ರಲ್ಲಿ, ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರು. ಅದೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತ. ಆದರೆ ಅದರಲ್ಲಿ ಕಿತ್ತಯ್ಯ ಇಲ್ಲ. ರೈಸ್ ಬಂದುಹೋದ ಮೇಲೂ ಅವನು ನೂರಕ್ಕೂ ಹೆಚ್ಚು ವರ್ಷ ಮಣ್ಣಿನಲ್ಲೇ ಕಾಯುತ್ತಿದ್ದ.

ಹುಡುಕುವ ಅಭ್ಯಾಸದಿಂದ ಇನ್ನೊಂದು ಲಾಭವಿದೆ, ಫಾರ್ವರ್ಡ್ ಮೆಸೇಜುಗಳನ್ನು ಪರೀಕ್ಷಿಸಲು ಬರುತ್ತದೆ. ಹೊಯ್ಸಳ ವೀರಬಲ್ಲಾಳ ದಾರಿ ತಪ್ಪಿ ಬಂದಾಗ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎಂಬ ಕಥೆ ನಮಗೆಲ್ಲ ಬಂದಿರುತ್ತದೆ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ. ಬೇಗೂರಿನ ದೇವಸ್ಥಾನದಲ್ಲಿರುವ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ, ಅದು ಸುಮಾರು ಕ್ರಿ.ಶ. 900ರದ್ದು. ರಾಜ ಕಾಳು ತಿನ್ನುವ ಹೊತ್ತಿಗೆ ಊರಿಗೆ ಹೆಸರಿಟ್ಟು ಇನ್ನೂರೈವತ್ತು ವರ್ಷವಾದರೂ ಆಗಿತ್ತು. ಕಥೆ ಚೆನ್ನಾಗಿದೆ, ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ: ನಿಘಂಟು. ನಗಬೇಡಿ. ವಿ. ಕೃಷ್ಣ ಎಂಬವರು ನಲವತ್ತು ವರ್ಷ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಬರೆದರು, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. 2019ರಲ್ಲಿ ಅದು ‘ಅಲರ್’ ಎಂಬ ಹೆಸರಿನಲ್ಲಿ ಇಂಟರ್‌ನೆಟ್‌ಗೆ ಬಂತು, ಎಲ್ಲರಿಗೂ ಉಚಿತ. ಅದನ್ನು ವೆಬ್‌ಗೆ ತಂದವರು ಶೇರು ವ್ಯವಹಾರದ ಜೀರೋಧಾ ಕಂಪನಿಯ ತಂತ್ರಜ್ಞ ಕೈಲಾಶ್ ನಾಧ್. ಡಿಮ್ಯಾಟ್ ಖಾತೆಯ ಕನಸು ಕಾಣುವ ನಮ್ಮ ಕ್ಲಾಸಿನವರು ಇದನ್ನೂ ತಿಳಿದಿರಲಿ.

ಅದಕ್ಕಿಂತ ಹಳೆಯದು ಕಿಟೆಲ್ ನಿಘಂಟು, ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ಅದೂ ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ. ಹೊರಗಿನಿಂದ ಬಂದ ಪದಗಳ ಪಕ್ಕದಲ್ಲಿ ಕಿಟೆಲ್ ಒಂದು ಗುರುತು ಹಾಕುತ್ತಾರೆ. ಹಿಂದೂಸ್ತಾನಿಯಿಂದ ಬಂದಿದ್ದರೆ ‘ಎಚ್’. ನಮ್ಮ ಅಕೌಂಟೆನ್ಸಿಯ ಕನ್ನಡ ಪದಗಳನ್ನು ಒಮ್ಮೆ ಸಾಲಾಗಿ ಬರೆಯಿರಿ: ನಗದು, ಜಮಾ, ಖರ್ಚು, ಬಾಕಿ, ರಸೀದಿ, ವಸೂಲಿ, ದಲ್ಲಾಳಿ. ರಸೀದಿ ಫಾರ್ಸಿ ಮೂಲದ್ದು, ಉಳಿದವು ಅರಬಿ ಮೂಲದವು. ಎಲ್ಲವೂ ನಮ್ಮ ಮನೆಯ ಉರ್ದುವಿನಲ್ಲಿ ದಿನಾ ಕೇಳುವ ಪದಗಳೇ. ಜಿಲ್ಲೆ, ತಾಲ್ಲೂಕು, ಅರ್ಜಿ, ಕಾನೂನು ಕೂಡ ಹಾಗೆಯೇ ಬಂದವು. ಇವು ಕನ್ನಡದಲ್ಲಿ ಅತಿಥಿಗಳಲ್ಲ, ಅವಕ್ಕೆ ರೇಷನ್ ಕಾರ್ಡ್ ಆಗಿ ಎಷ್ಟೋ ಕಾಲವಾಯಿತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಹಲವರು ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡುವವರು. ಕನ್ನಡ ನಮಗೆ ಪಾಸಾಗಲು ಬೇಕಾದ ವಿಷಯ, ಅದರ ಹಳೆಯ ಕಥೆಗಳು ಬೇರೆಯವರವು ಎಂದು ನಮಗೇ ಅನಿಸಿಬಿಡುತ್ತದೆ. ‘ನಿನಗೆ ಕನ್ನಡ ಬರುತ್ತಾ?’ ಎಂದು ಹುಬ್ಬೇರಿಸಿ ಕೇಳುವವರೂ ಇದ್ದಾರೆ. ಇಬ್ಬರಿಗೂ ಉತ್ತರ ಅದೇ ನಿಘಂಟಿನಲ್ಲಿದೆ. ಅಮ್ಮಿ ಅಂಗಡಿಯಲ್ಲಿ ‘ಬಾಕಿ ಎಷ್ಟು?’ ಎಂದು ಕೇಳುವಾಗ ಅದು ಉರ್ದುವೋ ಕನ್ನಡವೋ ಎಂದು ಯಾರೂ ಗೆರೆ ಎಳೆಯಲಾರರು. ಕಿತ್ತಯ್ಯನ ಕಲ್ಲೂ ಹೆಬ್ಬಾಳದಲ್ಲಿ ಇಂದು ಬದುಕುವ ಎಲ್ಲರದು, ನಮ್ಮದೂ ಹೌದು.

ಇನ್ನೂ ಬೇಕಿದ್ದರೆ ಬಹಳ ಇವೆ. ರೇಡಿಯೋ ಗಾರ್ಡನ್‌ನಲ್ಲಿ ಭೂಗೋಳವನ್ನು ತಿರುಗಿಸಿ ಒಂದು ಹಸಿರು ಚುಕ್ಕೆಯ ಮೇಲೆ ನಿಂತರೆ ಆ ಊರಿನ ರೇಡಿಯೋ ಈ ಕ್ಷಣ ಏನು ಹೇಳುತ್ತಿದೆಯೋ ಕೇಳಿಸುತ್ತದೆ. ಆರ್. ಟಿ. ನಗರದವರು ತಮ್ಮ ಬಡಾವಣೆಯ ಆರ್ ಮತ್ತು ಟಿ ಯಾರೆಂದು ಹುಡುಕಲಿ. ರವೀಂದ್ರನಾಥ ಟ್ಯಾಗೋರ್ ಎಂದು ನಾನೇ ಹೇಳಿಬಿಟ್ಟೆ, ಕ್ಷಮಿಸಿ.

‘ಇದರಿಂದ ಮಾರ್ಕ್ಸ್ ಬರುತ್ತಾ?’ ಎಂದು ಕೇಳುವವರಿಗೆ: ಬರುವುದಿಲ್ಲ. ‘ಇದೂ ಟೈಮ್ ವೇಸ್ಟೇ ಅಲ್ವಾ?’ ಎನ್ನುವವರಿಗೆ: ಇರಬಹುದು, ಆದರೆ ಅರ್ಧ ಗಂಟೆ ರೀಲ್ಸ್ ನೋಡಿದ ಮೇಲೆ ಏನು ನೋಡಿದಿರಿ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಅರ್ಧ ಗಂಟೆ ಹುಡುಕಿದರೆ ಮನೆಯಲ್ಲಿ ಊಟದ ಹೊತ್ತಿಗೆ ಹೇಳಲು ಒಂದು ಸಂಗತಿಯಾದರೂ ಇರುತ್ತದೆ.

ಆದ್ದರಿಂದ ಕಾಲೇಜಿಗೆ ಒಂದು ಸಣ್ಣ ಸಲಹೆ. ಲೈಬ್ರರಿಯ ಬಾಗಿಲ ಪಕ್ಕ ಒಂದು ಬೋರ್ಡ್ ಇಡಲಿ. ವಾರಕ್ಕೆ ಒಬ್ಬ ವಿದ್ಯಾರ್ಥಿ ತಾನು ಇಂಟರ್‌ನೆಟ್‌ನಲ್ಲಿ ಹುಡುಕಿದ ಒಂದು ವಿಚಿತ್ರ ಸಂಗತಿಯನ್ನು ಐದು ಸಾಲಿನಲ್ಲಿ ಬರೆಯಲಿ. ಕನ್ನಡ, ಉರ್ದು, ಇಂಗ್ಲಿಷ್ ಯಾವುದಾದರೂ ಸರಿ. ನಿಯಮಗಳು ಎರಡೇ: ಎಲ್ಲಿ ಸಿಕ್ಕಿತು ಎಂದು ಬರೆಯಬೇಕು, ಫಾರ್ವರ್ಡ್ ಮೆಸೇಜ್ ನಡೆಯುವುದಿಲ್ಲ. ಅಧ್ಯಾಪಕರೂ ಬರೆಯಲಿ, ಅವರ ಫೋನಿನಲ್ಲಿ ಏನಿದೆ ಎಂದು ತಿಳಿಯುವ ಕುತೂಹಲ ನಮಗೂ ಇದೆ. ಇನ್‌ಶಾ ಅಲ್ಲಾಹ್ ಬೋರ್ಡ್ ಬಂದರೆ ಯಲಹಂಕದವರು ಯಲಹಂಕದಿಂದ, ಯಶವಂತಪುರದವರು ಯಶವಂತಪುರದಿಂದ ಶುರು ಮಾಡಲಿ. ಹೆಬ್ಬಾಳ ಈಗಾಗಲೇ ಬುಕ್ ಆಗಿದೆ.