ಬಾಡಿಗೆ ಮುಂಗಡ: ಹಾನಿಗೆ ಭದ್ರತೆಯೋ, ಬಡ್ಡಿಯಿಲ್ಲದ ಸಾಲವೋ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಎರಡು ಷರತ್ತುಗಳನ್ನು ಪದೇ ಪದೇ ಕೇಳುತ್ತಾರೆ. ಒಂದು, ಹತ್ತು ತಿಂಗಳ ಮುಂಗಡ. ಇನ್ನೊಂದು, ನಾಯಿ ಬೆಕ್ಕುಗಳಿಗೆ ಅವಕಾಶವಿಲ್ಲ. ಮುಂಗಡ ಈಗ ಕೆಲವೆಡೆ ಐದಾರು ತಿಂಗಳಿಗೆ ಇಳಿದಿದ್ದರೂ ಹಳೆಯ ರೂಢಿ ಸಂಪೂರ್ಣ ಅಳಿದಿಲ್ಲ. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಎರಡರ ಹಿಂದಿರುವುದೂ ಒಂದೇ ಭಯ: ಮನೆಗೆ ಹಾನಿಯಾದರೆ ಅದನ್ನು ಯಾರು, ಎಷ್ಟರ ಮಟ್ಟಿಗೆ ಭರಿಸಬೇಕೆಂದು ತೀರ್ಮಾನಿಸುವ ನಂಬಲರ್ಹ ವ್ಯವಸ್ಥೆ ನಮ್ಮಲ್ಲಿಲ್ಲ ಎಂಬ ಭಯ.

ಸೇವೆಯಲ್ಲಿದ್ದಾಗ ವರ್ಗಾವಣೆಯ ಕಾರಣದಿಂದ ಹಲವು ಊರುಗಳಲ್ಲಿ ನಾನು ಬಾಡಿಗೆದಾರನಾಗಿದ್ದೆ. ನಿವೃತ್ತಿಯ ನಂತರ ಮೇಲ್ಮಹಡಿಯನ್ನು ಬಾಡಿಗೆಗೆ ಕೊಟ್ಟು ಮಾಲೀಕನಾದೆ. ಆದ್ದರಿಂದ ಎರಡೂ ಪಕ್ಷಗಳ ವಾದ ನನಗೆ ಅಪರಿಚಿತವಲ್ಲ.

ಮೊದಲು ಲೆಕ್ಕವನ್ನು ನೋಡೋಣ. ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಮುಂಗಡವೆಂದರೆ ಎರಡೂವರೆ ಲಕ್ಷ ರೂಪಾಯಿ. ಶೇ 7ರ ಬಡ್ಡಿ ಹಿಡಿದರೂ ವರ್ಷಕ್ಕೆ 17,500 ರೂಪಾಯಿ. ಅಂದರೆ ಬಾಡಿಗೆದಾರ ತೆರುವ ನಿಜವಾದ ಬಾಡಿಗೆ 25,000 ಅಲ್ಲ, ಹತ್ತಿರ ಹತ್ತಿರ 26,460 ರೂಪಾಯಿ. ಈ ಹಣ ಭದ್ರತೆಯ ಹೆಸರಿನಲ್ಲಿ ಪಡೆದ ಬಡ್ಡಿಯಿಲ್ಲದ ಸಾಲ. ಅನೇಕ ಮಾಲೀಕರು ಇದನ್ನು ಖರ್ಚು ಮಾಡಿಬಿಟ್ಟಿರುತ್ತಾರೆ. ಹೊಸ ಬಾಡಿಗೆದಾರ ಬಂದು ಮುಂಗಡ ಕೊಟ್ಟ ಮೇಲೆಯೇ ಹಳಬನಿಗೆ ಹಣ ವಾಪಸು. ಆ ಅಂತರವನ್ನು ತುಂಬಲು ‘ಹಾನಿ’ಯ ಪಟ್ಟಿ ಉದ್ದವಾಗುತ್ತದೆ.

ಹಾಗೆಂದು ಮಾಲೀಕರನ್ನೆಲ್ಲ ಲೋಭಿಗಳೆಂದು ಕರೆಯುವುದು ಅನ್ಯಾಯ. ಬಾಡಿಗೆಯೇ ಪಿಂಚಣಿಯಾಗಿರುವ ವೃದ್ಧ ದಂಪತಿಗಳು ಈ ನಗರದಲ್ಲಿ ಬಹಳ ಮಂದಿ ಇದ್ದಾರೆ. ಬಾಡಿಗೆ ನಿಲ್ಲಿಸಿ ಮನೆಯನ್ನೂ ಬಿಡದವನ ವಿರುದ್ಧ ನ್ಯಾಯಾಲಯಕ್ಕೆ ಹೋದರೆ ವರ್ಷಗಳು ಉರುಳುತ್ತವೆ. ಹತ್ತು ತಿಂಗಳ ಮುಂಗಡ ಎಂಬುದು ವಾಸ್ತವವಾಗಿ ನ್ಯಾಯದ ವಿಳಂಬಕ್ಕೆ ಬಾಡಿಗೆದಾರ ಕಟ್ಟುತ್ತಿರುವ ಸುಂಕ.

ಕಾನೂನು ಏನು ಹೇಳುತ್ತದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಂಥ ನಗರಗಳಲ್ಲಿ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹೀಗಾಗಿ ಇಂದಿನ ಬಹುಪಾಲು ಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಹನ್ನೊಂದು ತಿಂಗಳ ಕರಾರು ಪತ್ರ. ಆ ಹಳೆಯ ಕಾಯ್ದೆಯ 108ನೇ ಕಲಮು ಸ್ಪಷ್ಟವಾಗಿದೆ: ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಸವಕಳಿಗೆ ಆತ ಹೊಣೆಯಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ಸಿಗುವುದು ಅದನ್ನು ಮೀರದ, ನ್ಯಾಯಸಮ್ಮತ ಪರಿಹಾರ ಮಾತ್ರ.

ಸಹಜ ಸವಕಳಿ ಯಾವುದು, ಹಾನಿ ಯಾವುದು ಎಂಬಲ್ಲಿಯೇ ಜಗಳ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿಯನ್ನೇ ತೆಗೆದುಕೊಳ್ಳಿ. ಬಣ್ಣಕ್ಕೆ ನಾಲ್ಕು ವರ್ಷ ಬಾಳಿಕೆ, ಖರ್ಚು 32,000 ರೂಪಾಯಿ ಎಂದುಕೊಳ್ಳೋಣ. ಮೂರು ವರ್ಷ ವಾಸವಿದ್ದು ಹೋಗುವವನು ಗೋಡೆಯನ್ನು ಸಂಪೂರ್ಣ ಕೆಡಿಸಿದ್ದರೂ ಅವನ ಪಾಲು ಉಳಿದ ಒಂದು ವರ್ಷದ ಮೌಲ್ಯ, ಅಂದರೆ 8,000 ರೂಪಾಯಿ. ನಾಯಿ ಬಾಗಿಲ ಚೌಕಟ್ಟನ್ನು ಕಚ್ಚಿ ಹಾಳು ಮಾಡಿದ್ದರೆ ಅದು ಸವಕಳಿಯಲ್ಲ, ಹಾನಿ. ಬಡಗಿಯ ಬಿಲ್ಲನ್ನು ಬಾಡಿಗೆದಾರನೇ ಕೊಡಬೇಕು. ಆದರೆ ಬಡಗಿಯ ಬಿಲ್ಲಿಗೆ ಮಿತಿಯಿದೆ; ಅದಕ್ಕಾಗಿ ಕುಟುಂಬವೊಂದಕ್ಕೆ ಮನೆಯನ್ನೇ ನಿರಾಕರಿಸಬೇಕಿಲ್ಲ.

ನಿವಾಸಿಗಳ ಸಂಘಗಳು ಬಹುಮತದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಮಾಲೀಕ ತನ್ನ ಕರಾರಿನಲ್ಲಿ ಹಾಕುವ ಷರತ್ತು ಬೇರೆಯ ವಿಷಯ. ಅದರ ಪರಿಣಾಮ ಎರಡು ಬಗೆ: ಕೆಲವರು ಪ್ರಾಣಿಯಿರುವುದನ್ನು ಮುಚ್ಚಿಟ್ಟು ಮನೆ ಸೇರುತ್ತಾರೆ, ಕೆಲವರು ಹಳೆಯ ನಾಯಿಯನ್ನು ಬೀದಿಗೆ ಬಿಟ್ಟು ಹೋಗುತ್ತಾರೆ. ಎರಡನೆಯದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ನಿಷೇಧವು ಹಾನಿಯನ್ನು ತಪ್ಪಿಸಲಿಲ್ಲ, ಅದನ್ನು ಬೀದಿಗೆ ಸಾಗಿಸಿತು ಅಷ್ಟೆ.

ಇಂಗ್ಲೆಂಡಿನ ಅನುಭವ ಇಲ್ಲಿ ಗಮನಾರ್ಹ. ಅಲ್ಲಿ 2007ರಿಂದ ಬಾಡಿಗೆ ಠೇವಣಿಗೆ ಸರ್ಕಾರದ ಮನ್ನಣೆ ಪಡೆದ ಯೋಜನೆಯ ರಕ್ಷಣೆ ಕಡ್ಡಾಯ. ವಿವಾದವೆದ್ದರೆ ಮೂರನೆಯವರು ದಾಖಲೆ ನೋಡಿ ತೀರ್ಮಾನಿಸುವ ಏರ್ಪಾಡಿದೆ. 2019ರಿಂದ ಸಾಮಾನ್ಯ ಮನೆಗಳಿಗೆ ಠೇವಣಿಯ ಮಿತಿ ಐದು ವಾರಗಳ ಬಾಡಿಗೆ. 2025ರ ಹೊಸ ಕಾಯ್ದೆ, ಸಾಕುಪ್ರಾಣಿಗೆ ಅನುಮತಿ ಕೇಳಿದಾಗ ಸಕಾರಣವಿಲ್ಲದೆ ನಿರಾಕರಿಸಬಾರದೆಂದಿದೆ. ನಮ್ಮ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯೂ ವಾಸದ ಮನೆಗಳಿಗೆ ಎರಡು ತಿಂಗಳ ಮಿತಿ ಹಾಕಿದೆ. ನಲ್ಲಿ, ಬೀಗ, ಕಿಟಕಿ ಗಾಜು ಬಾಡಿಗೆದಾರನ ಹೊಣೆ, ಸುಣ್ಣಬಣ್ಣ ಮಾಲೀಕನ ಹೊಣೆ ಎಂದು ವಿಂಗಡಿಸಿದೆ. ಆದರೆ ಬಾಡಿಗೆ ರಾಜ್ಯಪಟ್ಟಿಯ ವಿಷಯವಾದ್ದರಿಂದ, ರಾಜ್ಯಗಳು ಒಪ್ಪಿ ಶಾಸನ ಮಾಡಿದರೆ ಮಾತ್ರ ಅದಕ್ಕೆ ಬಲ.

ಎರಡು ತಿಂಗಳ ಮಿತಿಯನ್ನು ಮಾತ್ರ ಹೇರಿ ತ್ವರಿತ ಇತ್ಯರ್ಥದ ವ್ಯವಸ್ಥೆಯನ್ನು ಮರೆತರೆ ಮಾಲೀಕರು ಮನೆಗೆ ಬೀಗ ಹಾಕಿ ಕುಳಿತಾರು, ಇಲ್ಲವೇ ಬಾಡಿಗೆ ಏರಿಸಿಯಾರು. ಮಿತಿ ಮತ್ತು ಇತ್ಯರ್ಥ ಜೊತೆಯಾಗಿಯೇ ಬರಬೇಕು.

ಅದಕ್ಕೆ ಕಾಯದೆ ನಾವೇ ಮಾಡಬಹುದಾದದ್ದೂ ಇದೆ. ಸರ್ಕಾರಿ ವಸತಿಗೃಹ ವಹಿಸಿಕೊಳ್ಳುವಾಗ ನಲ್ಲಿ, ಸ್ವಿಚ್ಚು, ಗಾಜುಗಳ ಪಟ್ಟಿಗೆ ನಮ್ಮಿಂದ ರುಜು ಹಾಕಿಸಿಕೊಳ್ಳುತ್ತಿದ್ದರು. ಬಿಡುವಾಗ ಅದೇ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದರು. ನನ್ನ ಮೇಲ್ಮಹಡಿಗೂ ಅದನ್ನೇ ಅನುಸರಿಸಿದ್ದೇನೆ, ಜೊತೆಗೆ ಛಾಯಾಚಿತ್ರಗಳು. ನಾಯಿ ಸಾಕಿದ್ದ ಕುಟುಂಬವೊಂದು ಹೊರಟಾಗ ಬಾಗಿಲ ಮೇಲಿನ ಉಗುರಿನ ಗೀರುಗಳ ಖರ್ಚನ್ನು ಕಾಲು ಗಂಟೆಯಲ್ಲಿ ತೀರ್ಮಾನಿಸಿದೆವು. ಪ್ರಾಣಿಗಳನ್ನು ನಿಷೇಧಿಸುವ ಸಾಲಿನ ಬದಲು, ಅವುಗಳಿಂದಾದ ಹಾನಿಯನ್ನು ಬಿಲ್ಲಿನ ಆಧಾರದ ಮೇಲೆ ಭರಿಸುವ ಸಾಲನ್ನು ಕರಾರಿನಲ್ಲಿ ಬರೆಯಬಹುದು. ಮನೆ ಬಿಟ್ಟ ದಿನವೇ ಲೆಕ್ಕ ಮುಗಿಸುವ ಷರತ್ತನ್ನೂ ಸೇರಿಸಬಹುದು. ದಾಖಲೆ ಇರುವಲ್ಲಿ ಭಯಕ್ಕೆ ಕೆಲಸ ಕಡಿಮೆ. ಭಯ ಕಡಿಮೆಯಾದಷ್ಟೂ ಮುಂಗಡದ ಭಾರವೂ ತಗ್ಗುತ್ತದೆ.