ಆ ಹುಡುಗಿ ಬಾಯಿ ಬಿಟ್ಟಾಗ ಎದುರಿಗೆ ಯಾರಿದ್ದಾರೆ?

ಅರಕೇರಾದ ಔಷಧಿ ಅಂಗಡಿಗೆ ನೋಂದಾಯಿತ ಫಾರ್ಮಸಿಸ್ಟ್ ಬೇಕು. 1948ರಿಂದಲೂ ಅದಕ್ಕೆ ಕಾಯ್ದೆಯಿದೆ. ದೇವದುರ್ಗದ ಕೋರ್ಟಿನಲ್ಲಿ ವಾದಿಸಲು ವಕೀಲರ ಪರಿಷತ್ತಿನ ಸನ್ನದು ಬೇಕು. ಅಪ್ಪ-ಅವ್ವ ಗುಳೆ ಹೋಗಿ ಅಜ್ಜಿಯ ಹತ್ತಿರ ಉಳಿದ ಒಂಬತ್ತನೇ ತರಗತಿಯ ಹುಡುಗಿಯ ಮದುವೆ ನಿಲ್ಲಿಸಿ, ಅವಳನ್ನು ಎದುರಿಗೆ ಕೂರಿಸಿಕೊಂಡು "ಏನಾಯ್ತವ್ವ, ಹೇಳು" ಎನ್ನುವ ಸಮಾಜ ಕಾರ್ಯಕರ್ತರಿಗೆ ಮಾತ್ರ ಯಾವ ಸನ್ನದೂ ಬೇಡ.

ಆ ಹುಡುಗಿ ಒಂದೇ ಸಲಕ್ಕೆ ಹೇಳುವುದಿಲ್ಲ. ವೇಲಿನ ಅಂಚು ಸುತ್ತುತ್ತಾಳೆ. ಯಾರದೋ ಹೆಸರು ತುಟಿಯವರೆಗೆ ಬಂದು ನಿಲ್ಲುತ್ತದೆ. ಬಲವಂತವಾಗಿ ಬಾಯಿ ಬಿಡಿಸಬಾರದು. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಮೇಲೆ ಮುಚ್ಚಿಡಲೂಬಾರದು, ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಸ್ಥಳೀಯ ಪೊಲೀಸರಿಗೆ ಇಲ್ಲವೇ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಯಾವುದನ್ನು ಬರೆದುಕೊಳ್ಳಬೇಕು, ಅಜ್ಜಿಗೆ ಎಷ್ಟು ಹೇಳಬೇಕು? ಇದು ಒಳ್ಳೆಯ ಮನಸ್ಸೊಂದರಿಂದ ಆಗುವ ಕೆಲಸವಲ್ಲ, ಕಲಿತು ಮಾಡುವ ಕೆಲಸ. ಕಲಿಯದವರು ಹುಡುಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರೆ? ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ, ಸರಿ. ಆದರೆ ಅಂಥವರನ್ನು ಈ ವೃತ್ತಿಯಿಂದಲೇ ದೂರವಿಡುವ ಪರಿಷತ್ತು ನಮ್ಮಲ್ಲಿಲ್ಲ. ಒಂದು ಸಂಸ್ಥೆ ಕೆಲಸದಿಂದ ಬಿಡಿಸಿದರೆ ಇನ್ನೊಂದರ ಗುರುತಿನ ಚೀಟಿ ಕೊರಳಿಗೆ ಬರುತ್ತದೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಅರ್ಹತೆ, ನೋಂದಣಿ ಎರಡನ್ನೂ ವಿಧಿಸಿತು. 2021ರ ಕೇಂದ್ರ ಕಾಯ್ದೆ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನೂ ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿತು. ಎರಡೂ ಆಸ್ಪತ್ರೆಯ ಸುತ್ತಲಿನ ಮಾತು. ಫಿಲಿಪೀನ್ಸ್ 1965ರಲ್ಲೇ ಸಮಾಜಕಾರ್ಯಕ್ಕೆ ಪರವಾನಗಿ ಕಡ್ಡಾಯ ಮಾಡಿತು. ನಾವಿನ್ನೂ ಕಾಯುತ್ತಿದ್ದೇವೆ.

ದಿಲ್ಲಿಯತ್ತ ಕೈ ತೋರಿಸಬೇಡಿ. ವೃತ್ತಿಗಳ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯ 26ನೇ ನಮೂದಿನಲ್ಲಿದೆ, ವಿಧಾನಸಭೆಗೂ ಅಧಿಕಾರವಿದೆ. ಬಾಲ್ಯವಿವಾಹ ಮೊದಲ ಗಳಿಗೆಯಿಂದಲೇ ಅಸಿಂಧು ಎಂದು 2016ರ ತಿದ್ದುಪಡಿಯಲ್ಲಿ ಹೇಳಿದ್ದು ಇದೇ ಕರ್ನಾಟಕ. ಮದುವೆಯನ್ನು ರದ್ದು ಮಾಡುವ ಎದೆಗಾರಿಕೆ ಇತ್ತು. ಆಮೇಲೆ ಆ ಮಗುವಿನ ಕೈ ಹಿಡಿಯುವವರು ಯಾರು ಎಂದು ಕೇಳುವುದು ಬೇಡವೇ?

ಸಮಾಜಕಾರ್ಯಕ್ಕೆ ಪರವಾನಗಿಯ ಕಾಯ್ದೆ ಬಂದರೆ ಪ್ರಾಮಾಣಿಕರಿಗೂ ಬಲ. ಊರ ಹಿರಿಯರು "ಕೇಸು ವಾಪಸು ತಗೊಳ್ರಿ" ಎಂದು ಮನೆ ಬಾಗಿಲಿಗೆ ಬಂದಾಗ ಗುತ್ತಿಗೆ ನೌಕರರು ಯಾವ ಧೈರ್ಯದ ಮೇಲೆ ನಿಲ್ಲಬೇಕು? ನಿಯಮ ಮುರಿದರೆ ನನ್ನ ಪರವಾನಗಿ ಹೋಗುತ್ತದೆ ಎನ್ನಲು ಅವರಿಗೊಂದು ಪರವಾನಗಿಯಾದರೂ ಇರಲಿ.

ಹಾಗೆಂದು ಸಮಾಜಕಾರ್ಯದ ಸ್ನಾತಕೋತ್ತರ (ಎಂಎಸ್‌ಡಬ್ಲ್ಯೂ) ಪದವಿಯೊಂದನ್ನೇ ಬಾಗಿಲು ಮಾಡುವುದನ್ನು ನಾನು ಒಪ್ಪಲಾರೆ. ದೇವದಾಸಿ ಪದ್ಧತಿಯ ನೋವುಂಡು, ಇನ್ನೊಬ್ಬ ಹುಡುಗಿಗೆ ಮುತ್ತು ಕಟ್ಟದಂತೆ ಹುಣ್ಣಿಮೆ ಜಾತ್ರೆಯಲ್ಲಿ ಕಾವಲು ನಿಲ್ಲುವ ತಾಯಂದಿರ ಹತ್ತಿರ ಯಾವ ಪದವಿಯಿದೆ? ಅನುಭವ ಮತ್ತು ತರಬೇತಿಯ ಮೇಲೆ ಅವರೂ ನೋಂದಣಿಯಾಗಬೇಕು. ಅವರನ್ನು ಹೊರಗಿಡುವ ಕಾಯ್ದೆ ನಮಗೆ ಬೇಡ.

ರಾಯಚೂರು, ಮಾನ್ವಿ, ದೇವದುರ್ಗದ ಶಾಸಕರೇ, ಬರುವ ಅಧಿವೇಶನದಲ್ಲಿ ಖಾಸಗಿ ಮಸೂದೆಯನ್ನಾದರೂ ಮಂಡಿಸಿ. ಸಮಾಜಕಾರ್ಯ ಓದುವ ಮಕ್ಕಳೇ, ಪದವಿ ಪತ್ರಕ್ಕೆ ಕಾಯುವ ಮೊದಲು ಈ ಕಾಯ್ದೆಗಾಗಿ ಸಹಿ ಸಂಗ್ರಹಿಸಿ. ತಂದೆ-ತಾಯಂದಿರೇ, ನಿಮ್ಮ ಮಗುವಿನ ಜೊತೆ ಒಂಟಿಯಾಗಿ ಮಾತಾಡಲು ಬರುವವರನ್ನು ಇಂದೇ ಕೇಳಿ: ನೀವು ಏನು ಕಲಿತಿದ್ದೀರಿ, ತಪ್ಪಾದರೆ ನಾವು ಯಾರಿಗೆ ದೂರು ಕೊಡಬೇಕು?