ಕಾವಲುಗಾರನೇ ಕದ್ದರೆ?

ಭದ್ರಾವತಿಯ ಓಲ್ಡ್ ಟೌನ್‌ನ ಅನೇಕ ಮನೆಗಳು ಕಾರ್ಖಾನೆಗಳನ್ನು ನಂಬಿ ಬದುಕಿದವು. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವೂ ಹೊರಬಿತ್ತು. ಇಂದು ನಮ್ಮ ಮಕ್ಕಳ ಮುಂದಿರುವ ದಾರಿಗಳಲ್ಲಿ ಮಾಹಿತಿ ಸುರಕ್ಷತೆಯೂ ಒಂದು. ಅದರ ಪ್ರವೇಶ ಹಂತದ 'ಸೆಕ್ಯುರಿಟಿ ಪ್ಲಸ್' ಪರೀಕ್ಷೆಗೆ ಪದವಿ ಕಡ್ಡಾಯವಲ್ಲ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ, 100ರಿಂದ 900ರ ಮಾಪನದಲ್ಲಿ 750 ಬಂದರೆ ತೇರ್ಗಡೆ.

ಆದರೆ ನಾವು ಮಾಡುತ್ತಿರುವುದೇನು? ಸೋರಿಕೆಯಾದ ಪ್ರಶ್ನೋತ್ತರಗಳನ್ನು ಕೊಂಡು ಬಾಯಿಪಾಠ ಮಾಡುವುದನ್ನು ಜಾಣತನವೆನ್ನುತ್ತೇವೆ. ಪರರ ಗುಟ್ಟನ್ನು ಕಾಯುವ ಹುದ್ದೆ ಒಂದು ಅಮಾನತ್. ಅದನ್ನು ಕಳವಿನಿಂದಲೇ ಗಳಿಸುವುದೆಂತು? ಸೋತವನು ಮತ್ತೆ ಬರೆಯಬಹುದು, ಅದರಲ್ಲಿ ಅವಮಾನವಿಲ್ಲ. ಮದುವೆ ಮಂಟಪಕ್ಕೆ ಲಕ್ಷಗಳನ್ನು ಸುರಿಯುವ ನಾವು ಮಕ್ಕಳಿಗೆ ಆರು ತಿಂಗಳ ಪ್ರಾಮಾಣಿಕ ಓದಿನ ಬಿಡುವು ನೀಡಲಾರೆವೇ? ನಮ್ಮ ಜಮಾಅತ್‌ಗಳು ಅವರಿಗಾಗಿ ಒಂದು ಕೋಣೆಯ ಬಾಗಿಲನ್ನಾದರೂ ತೆರೆಯಲಾರವೇ?